ಉಳಿಯುವವರು, ಉಳಿದುಹೋದವರು
(ಒಂದು ಪ್ರವಾಸ ಲೇಖನದ ನೆಪದಲ್ಲಿ)

ನಮ್ಮ ಪತ್ರಿಕೆಗೆ ಒಂದು ಪ್ರವಾಸ ಲೇಖನ ಬಂದಿದೆ. ಕಥೆಗಳು ಬರುತ್ತವೆ, ಕವಿತೆಗಳಂತೂ ಚೀಲಗಟ್ಟಲೆ ಬರುತ್ತವೆ, ಪ್ರವಾಸ ಲೇಖನ ಬಂದದ್ದು ಇದೇ ಮೊದಲು. ಬರೆದವನು ಹೊರಗಿನವನೇನಲ್ಲ. ದೇವದುರ್ಗ ತಾಲ್ಲೂಕಿನವನು. ರಾಯಚೂರಿನ ಹಾಸ್ಟೆಲಿನಲ್ಲಿ ನಮ್ಮ ಜೊತೆ ಒಂದೇ ಕೋಣೆಯಲ್ಲಿ ಚಾಪೆ ಹಂಚಿಕೊಂಡವನು. ಅವನಪ್ಪ ಗೌಡರ ಮನೆಯಲ್ಲಿ ಜೀತಕ್ಕಿದ್ದ. ಸರಕಾರ 1976ರಲ್ಲೇ ಕಾನೂನು ಮಾಡಿ ಜೀತ ತೆಗೆದಿತ್ತು. ಅವನಪ್ಪನ ತನಕ ಆ ಸುದ್ದಿ ನಡೆದು ಬರಲಿಕ್ಕೆ ಬಹಳ ವರ್ಷ ಹಿಡಿಯಿತು. ಮನೆತನದಲ್ಲಿ ಮೊದಲು ಡಿಗ್ರಿ ಮಾಡಿದವನು ಇವನೇ. ನಾವೂ ಅಷ್ಟೇ, ಆ ಮಾತು ಬೇರೆ.

ಈಗ ಅವನಿಗೆ ಬೆಂಗಳೂರಿನ ಒಂದು ಕಂಪನಿಯಲ್ಲಿ ಕೆಲಸ. ಕಂಪನಿಯವರು ತಮ್ಮ ಮಂದಿಯನ್ನು ಎರಡು ದಿನದ ಮಟ್ಟಿಗೆ ಕೊಚ್ಚಿಗೆ ಕರೆದುಕೊಂಡು ಹೋಗಿ ಬೋಲ್ಗಟ್ಟಿ ದ್ವೀಪದಲ್ಲಿ ಇಳಿಸಿದರಂತೆ. ಡಚ್ಚರು 1744ರಲ್ಲಿ ಅರಮನೆ ಕಟ್ಟಿದ ದ್ವೀಪ ಅದು. ಆಮೇಲೆ ಬ್ರಿಟಿಷ್ ರೆಸಿಡೆಂಟ್ ಇದ್ದ, ಈಗ ಪ್ರವಾಸಿಗರು ಇರುತ್ತಾರೆ. ಸುತ್ತ ಹಿನ್ನೀರು, ತೆಂಗು, ಮಗ್ಗುಲಲ್ಲೇ 2010ರಲ್ಲಿ ಶುರುವಾದ ಮರೀನಾ. ಮರೀನಾ ಅಂದರೇನು ಎಂದು ನಮ್ಮ ಓದುಗರು ಕೇಳಬಹುದು, ನಾವೂ ಕೇಳಿದೆವು. ಉಳ್ಳವರ ವಿಹಾರ ದೋಣಿಗಳನ್ನು ಸಾಲಾಗಿ ಕಟ್ಟಿ, ಅವಕ್ಕೆ ನೀರು ಕರೆಂಟು ಕೊಟ್ಟು ಕಾಯುವ ಜಾಗ. ದೋಣಿಗಳ ಲಾಯ ಅನ್ನಿ. ರಿಸಾರ್ಟ್ ಅಂದರೆ ಹೇಳಬೇಕಾಗಿಲ್ಲ. 2018, 2019ರಲ್ಲಿ ಶಾಸಕರನ್ನು ಬಸ್ಸಿನಲ್ಲಿ ತುಂಬಿ ಬಚ್ಚಿಡುವುದನ್ನು ಟಿ.ವಿ.ಯಲ್ಲಿ ನೋಡಿ ನೋಡಿ ನಮ್ಮ ಹಳ್ಳಿಯ ಮುದುಕರಿಗೂ ಆ ಶಬ್ದ ಬಾಯಿಪಾಠವಾಗಿದೆ.

ಲೇಖನ ಓದಿ ಸ್ಟೇಷನ್ ರಸ್ತೆಯ ಚಹಾದಂಗಡಿಯಲ್ಲಿ ನಮ್ಮೊಳಗೇ ಜಗಳವಾಯಿತು. ಒಬ್ಬ ಗೆಳೆಯ ಹಾಳೆಗಳನ್ನು ಮೇಜಿನ ಮೇಲೆ ಒಗೆದು, "ಇದು ನಮ್ಮ ಪತ್ರಿಕೆ ಸರಕಲ್ಲ, ವಾಪಸ್ ಕಳಿಸ್ರಿ. ಗುಳೆ ಹೋದೋರ ಬಗ್ಗೆ ಬರೀಬೇಕಾದವ ತಂಪುಗಾಳಿ ಬಗ್ಗೆ ಬರದಾನ" ಅಂದ. ಮಾನ್ವಿ ಕಡೆ ಪ್ರೈಮರಿ ಸಾಲಿಯಲ್ಲಿ ಟೀಚರ್ ಆಗಿರುವ ಅಕ್ಕ ಅಲ್ಲೇ ಇದ್ದರು. "ಯಾಕಪಾ? ನಮ್ಮ ಮಂದಿ ಎರಡು ದಿನ ಕಾಲು ಚಾಚಿ ಮಲಗಬಾರದೇನು? ನಮ್ಮವ್ವ ಹಗಲೊತ್ತಿನಾಗ ಮಲಗಿದ್ದು ನಾ ಒಮ್ಮೆ ಸೈತ ನೋಡಿಲ್ಲ. ಜ್ವರ ಬಂದ್ರೂ ಹತ್ತಿ ಬಿಡಸಾಕ ಹೋಗಾಕಿ. ಅಕಿ ಮಲಗಿದ್ದು ಒಂದೇ ಸಲ, ಆಮ್ಯಾಗ ಏಳಲಿಲ್ಲ" ಅಂದರು. ಚಹಾ ಆರಿಹೋಯಿತು.

ನಾವು ಅಕ್ಕನ ಪಕ್ಷ. ದಲಿತ ಲೇಖಕನೆಂದರೆ ಸದಾ ಹಸಿವನ್ನೇ ಬರೆಯಬೇಕು, ಗಾಯವನ್ನೇ ತೆರೆದು ತೋರಿಸಬೇಕು ಎಂಬ ಕಟ್ಟಳೆ ಯಾರು ಹಾಕಿದರು? ಮೇಲುಜಾತಿಯ ವಿಮರ್ಶಕ ಹಾಕಿದ್ದನ್ನು ನಾವು ತಲೆಯ ಮೇಲೆ ಹೊತ್ತು ತಿರುಗಬೇಕೇ? ವಿಶ್ರಾಂತಿ ನಮ್ಮ ಮಂದಿ ಪಡೆಯದೆ ಉಳಿದ ಕೂಲಿ. ಅದನ್ನು ಪಡೆದವನನ್ನು ಕಟಕಟೆಯಲ್ಲಿ ನಿಲ್ಲಿಸುವುದು ನಮ್ಮ ಕೆಲಸವಲ್ಲ. ಹಾಗಾದರೆ ಲೇಖನ ಚೆನ್ನಾಗಿದೆಯೋ ಎಂದರೆ, ಇಲ್ಲ. ಕೆಟ್ಟದಾಗಿದೆ. ಯಾಕೆ ಕೆಟ್ಟದಾಗಿದೆ ಎಂದು ಹೇಳುವುದಕ್ಕೇ ಈ ಬರಹ.

ಲೇಖನದಲ್ಲಿ ಹದಿನೆಂಟು ಪ್ಯಾರಾ ಇವೆ. ಮೊದಲ ಸಾಲಿನಲ್ಲೇ ಕಾಲ ನಿಂತುಹೋಗುತ್ತದೆ. ಆಮೇಲೆ ಅಲೆಗಳು ಜೋಗುಳ ಹಾಡುತ್ತವೆ, ಸೂರ್ಯ ಹೊನ್ನು ಚೆಲ್ಲುತ್ತಾನೆ, ಮನಸ್ಸು ಹಗುರಾಗುತ್ತದೆ. ಎಲ್ಲರೂ ಎಲ್ಲ ಕಡೆ ಬರೆದ ಮಾತು. ಕೊಚ್ಚಿಯ ಜಾಗದಲ್ಲಿ ಇನ್ನೊಂದು ಊರಿನ ಹೆಸರು ಹಾಕಿದರೂ ನಡೆಯುತ್ತದೆ. ಆದರೆ ನಮ್ಮನ್ನು ಕುಟುಕಿದ್ದು ಬೇರೆಯದು. ಅವನ ಕ್ರಿಯಾಪದಗಳನ್ನು ನೋಡಿ. "ಹಾಸಿಗೆ ಹಾಸಲಾಗಿತ್ತು." "ಮೀನಿನ ಊಟ ಬಡಿಸಲಾಯಿತು." "ನಮ್ಮನ್ನು ದೋಣಿಯಲ್ಲಿ ಕರೆದೊಯ್ಯಲಾಯಿತು." "ಚೀಲಗಳನ್ನು ಕೋಣೆಗೆ ತಲುಪಿಸಲಾಗಿತ್ತು." ಹಾಸಿದವರು ಯಾರು? ಹೊತ್ತವರು ಯಾರು? ಮೀನು ತಾನಾಗಿ ಬಂದು ಎಲೆಯ ಮೇಲೆ ಬಿತ್ತೇ?

ಈ 'ಲಾಗಿದೆ', 'ಲಾಯಿತು' ನಮ್ಮವ್ವನ ಕನ್ನಡದಲ್ಲಿ ಇಲ್ಲ. ಅವಳ ಮಾತಿನಲ್ಲಿ ಕೆಲಸವಿದ್ದರೆ ಕೆಲಸ ಮಾಡಿದವನೂ ಇದ್ದೇ ಇರುತ್ತಾನೆ: ಅವ ಹೊತ್ತ, ಇಕಿ ಹಾಸಿದಳು, ಅವರು ಬಡದರು. 'ಲಾಗಿದೆ' ತಹಶೀಲ್ದಾರರ ಕಚೇರಿಯ ನೋಟೀಸಿನ ಕನ್ನಡ. ಗುಡಿಸಲುಗಳನ್ನು ತೆರವುಗೊಳಿಸಲಾಗುವುದು, ಅರ್ಜಿಯನ್ನು ತಿರಸ್ಕರಿಸಲಾಗಿದೆ. ಮಾಡಿದ ಕೈ ಕಾಣಬಾರದು ಎಂದಾಗ ಸರಕಾರ ಈ ವ್ಯಾಕರಣ ಬಳಸುತ್ತದೆ. ರಿಸಾರ್ಟಿನ ಬರವಣಿಗೆಗೂ ಅದೇ ಬೇಕು. ಅಲ್ಲಿ ಅತಿಥಿ ಕಣ್ಣು ತೆರೆಯುವುದರೊಳಗೆ ಕಸ ಹೋಗಿರಬೇಕು, ಕಸ ತೆಗೆದವನೂ ಹೋಗಿರಬೇಕು. ಜೀತಗಾರನ ಮಗ ಈ ವ್ಯಾಕರಣವನ್ನು ಇಷ್ಟು ಸಲೀಸಾಗಿ ಕಲಿತದ್ದು ಹೇಗೆ?

ಅವನೊಬ್ಬನ ತಪ್ಪಲ್ಲ ಎನ್ನಬೇಕು. ನವ್ಯರ ಕಾಲದಲ್ಲಿ ದ್ವೀಪವೆಂದರೆ ಒಂಟಿತನದ ಸಂಕೇತವಾಗಿತ್ತು, ಅದರ ಮೇಲೆ ಮನುಷ್ಯರು ಇರುತ್ತಾರೆ, ಉಪ್ಪು ಎಣ್ಣೆಗೆ ಆಚೆ ದಡಕ್ಕೆ ಬರುತ್ತಾರೆ ಎಂಬ ವಿಚಾರ ಕಡಿಮೆ. ಆ ಖಾಲಿ ದ್ವೀಪವೇ ಮುಂದೆ ಪತ್ರಿಕೆಗಳ ಭಾನುವಾರದ ಪುರವಣಿಗೆ ಬಂತು. ಅಂಥ ಬರಹಗಳ ದೊಡ್ಡ ಬೆಳೆ ಬಂದದ್ದು ದೂರದ ಕಡಲಲ್ಲಿ ಅಲ್ಲ, ನಮ್ಮ ಮಗ್ಗುಲಲ್ಲೇ, ವಿರುಪಾಪುರ ಗಡ್ಡಿಯಲ್ಲಿ. ಗಂಗಾವತಿ ತಾಲ್ಲೂಕಿನ ಈ ಗಡ್ಡಿ 1997ರಲ್ಲಿ ಕೊಪ್ಪಳ ಬೇರೆ ಜಿಲ್ಲೆಯಾಗುವ ತನಕ ರಾಯಚೂರು ಜಿಲ್ಲೆಯಲ್ಲೇ ಇತ್ತು. ಹಂಪಿಯ ಎದುರಿಗೆ ತುಂಗಭದ್ರೆಯ ನಡುವೆ ಬಂಡೆ, ಬಾಳೆ, ಭತ್ತ. ಹುಲ್ಲಿನ ಚಪ್ಪರ, ತೂಗುವ ಜೋಲಿ, ವಿದೇಶದ ಹುಡುಗ ಹುಡುಗಿಯರು ತಿಂಗಳುಗಟ್ಟಲೆ ಬಿದ್ದಿರುವುದು. ಗಡ್ಡಿಯ ಮೇಲೆ ಬಂದ ಲೇಖನಗಳಲ್ಲಿ ಸೋಮಾರಿತನ ಒಂದು ದರ್ಶನವಾಗಿತ್ತು. ಅದೇ ಬಂಡೆಯ ಮೇಲೆ ನಮ್ಮ ಹುಡುಗ ಹಗಲು ಹೊತ್ತು ಮಲಗಿದರೆ ಉಡಾಳ ಅನ್ನುತ್ತಾರೆ.

ಆ ಲೇಖನಗಳಲ್ಲಿ ಹರಗೋಲು ತಿರುಗುತ್ತಿತ್ತು. ಹುಟ್ಟು ಹಾಕುವ ಅಂಬಿಗನ ರಟ್ಟೆ ಫೋಟೋದಲ್ಲಿ ಬರುತ್ತಿತ್ತು, ಮಾತು ಬರುತ್ತಿರಲಿಲ್ಲ. ಹತ್ತಿರದ ಆನೆಗೊಂದಿಯ ಸೇತುವೆ ಕಟ್ಟುತ್ತಿರುವಾಗಲೇ 2009ರ ಜನವರಿಯಲ್ಲಿ ಕುಸಿದು ಕೂಲಿಗಳು ಸತ್ತರು. ಸೇತುವೆ ಬಂದರೆ ಹಂಪಿಯ ಪರಿಸರ ಕೆಡುತ್ತದೆ ಎಂಬ ವಾದ ಅದಕ್ಕೂ ಮೊದಲಿನದು. ಅದೇ ಕಾರಣಕ್ಕೆ 1999ರಲ್ಲಿ ಯುನೆಸ್ಕೊ ಹಂಪಿಯನ್ನು ಅಪಾಯದ ಪಟ್ಟಿಗೆ ಸೇರಿಸಿತ್ತು. ಕಲ್ಲಿನ ಚೆಲುವಿನ ಬಗ್ಗೆ ನಮಗೂ ಪ್ರೀತಿಯಿದೆ. ಆದರೆ ಹೊಳೆ ದಾಟಿ ಆಸ್ಪತ್ರೆಗೆ ಹೋಗಬೇಕಾದವರನ್ನು ಆ ವಾದದ ಬರಹಗಳಲ್ಲಿ ನಾವು ಹುಡುಕಿ ಸೋತಿದ್ದೇವೆ.

2019ರ ಆಗಸ್ಟ್ ಬಂತು. ತುಂಗಭದ್ರೆ ತುಂಬಿ ಗಡ್ಡಿಯನ್ನು ಸುತ್ತುಗಟ್ಟಿತು. ಸಿಕ್ಕಿಬಿದ್ದ ನೂರಾರು ಪ್ರವಾಸಿಗರನ್ನು ಹೆಲಿಕಾಪ್ಟರ್, ರಬ್ಬರ್ ದೋಣಿ ತರಿಸಿ ದಾಟಿಸಿದರು. ದಾಟಿಸಬೇಕಾದದ್ದೇ, ಜೀವ ಜೀವವೇ. ಮುಂದಿನ ವರ್ಷ, 2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು ಗಡ್ಡಿಯ ಅನಧಿಕೃತ ಕಟ್ಟಡಗಳನ್ನು ತೆಗೆಯಬೇಕೆಂಬ ಹೈಕೋರ್ಟ್ ತೀರ್ಪನ್ನು ಎತ್ತಿಹಿಡಿಯಿತು. ಮಾರ್ಚಿನಲ್ಲಿ ಜೆಸಿಬಿ ಬಂದವು. ಪ್ರವಾಸಿಗಳೂ ಲೇಖನಗಳೂ ಅಲ್ಲಿಂದ ಎದ್ದು ಸಾಣಾಪುರದ ಕಡೆ ಹೋದವು. ಪಾತ್ರೆ ತೊಳೆಯುತ್ತಿದ್ದವರು, ಅಡುಗೆ ಮಾಡುತ್ತಿದ್ದವರು ಎಲ್ಲಿ ಹೋದರು ಎಂದು ಬರೆದ ಪ್ರವಾಸ ಲೇಖನ ನಮ್ಮ ಕಣ್ಣಿಗೆ ಬಿದ್ದಿಲ್ಲ.

ಸಾಣಾಪುರದ ಕೆರೆಯೆಂದು ಫೋಟೋ ತೆಗೆಯುತ್ತಾರಲ್ಲ, ಅದು ತುಂಗಭದ್ರಾ ಎಡದಂಡೆ ಕಾಲುವೆಯ ನೀರು. ಅದೇ ಕಾಲುವೆ ಸಿಂಧನೂರು ಹಾಯ್ದು ಮಾನ್ವಿಗೆ ಬರುತ್ತದೆ, ರಾಯಚೂರಿನಲ್ಲಿ ಕೊನೆಯಾಗುತ್ತದೆ. ಕೊನೆ ಭಾಗದ ಮಾನ್ವಿ, ಸಿರವಾರ, ರಾಯಚೂರಿನ ರೈತರು ನೀರಿಗಾಗಿ ರಸ್ತೆಯ ಮೇಲೆ ಕೂತದ್ದು ಎಷ್ಟು ಸಲವೋ. 2024ರ ಆಗಸ್ಟ್‌ನಲ್ಲಿ ಡ್ಯಾಮಿನ 19ನೇ ಗೇಟು ಕೊಚ್ಚಿಹೋದಾಗ ಇಲ್ಲಿಯ ಮನೆಗಳಲ್ಲಿ ಒಲೆಯ ಮುಂದೆ ಕೂತು ಮಂದಿ ಸುದ್ದಿ ಕೇಳಿದರು. ಮೇಲೆ ಹರಗೋಲಿನಲ್ಲಿ ಗಿರಗಿರ ತಿರುಗುವ ನಗು, ಕೆಳಗೆ ಒಣಗುವ ಪೈರು. ಎರಡನ್ನೂ ಹಿಡಿಯುವ ಒಂದು ವಾಕ್ಯ ಕನ್ನಡದಲ್ಲಿ ಬರೆಯಲು ಬರುವುದಿಲ್ಲವೇ?

ಇನ್ನು ಕೃಷ್ಣೆಯ ಗಡ್ಡಿಗಳು. ರಾಯಚೂರು ತಾಲ್ಲೂಕಿನ ಕುರ್ವಕಲಾ, ಕುರ್ವಕುರ್ದಾ, ಅಗ್ರಹಾರ. ಲಿಂಗಸುಗೂರು ಕಡೆಯ ಕಡದರಗಡ್ಡಿ, ಯರಗೋಡಿ, ಹಂಚಿನಾಳ. ಇವುಗಳ ಮೇಲೆ ಯಾರೂ ಪ್ರವಾಸ ಲೇಖನ ಬರೆಯುವುದಿಲ್ಲ. ಹೌದು, ಕುರುವಪುರಕ್ಕೆ ದತ್ತನ ಭಕ್ತರು ದೂರದಿಂದ ಬರುತ್ತಾರೆ, ಹೊಳೆ ದಾಟುತ್ತಾರೆ, ಉಳಿದು ಪಾರಾಯಣ ಮಾಡಿ ಹೋಗುತ್ತಾರೆ. ಅವರ ಪುಸ್ತಕಗಳಲ್ಲೂ ದೇವರಿದ್ದಾನೆ, ದಾಟಿಸಿದವನಿಲ್ಲ. ನಾರಾಯಣಪುರದ ಬಸವಸಾಗರದಿಂದ ನೀರು ಬಿಟ್ಟರೆಂದರೆ ಗಡ್ಡಿಯವರ ದಾರಿ ಬಂದ್. 2019ರ ಅದೇ ಆಗಸ್ಟ್‌ನಲ್ಲಿ ಐದು ಲಕ್ಷ ಕ್ಯೂಸೆಕ್ಸ್‌ಗೂ ಮಿಕ್ಕಿ ಬಿಟ್ಟಿದ್ದರು. ದೇವದುರ್ಗದ ಹೂವಿನಹೆಡಗಿ ಸೇತುವೆ ಮುಳುಗಿತು, ಶೀಲಹಳ್ಳಿಯ ಸೇತುವೆ ಮುಳುಗಿತು. ಕುರ್ವಕಲಾ, ಕುರ್ವಕುರ್ದಾದ ಸೇತುವೆ ಕೆಲಸ ವರ್ಷಗಟ್ಟಲೆ ನೆನೆಗುದಿಗೆ ಬಿದ್ದದ್ದು ಈ ಜಿಲ್ಲೆಯ ಪತ್ರಿಕೆ ಓದುವವರಿಗೆಲ್ಲ ಗೊತ್ತು. ಬಾಣಂತಿಯನ್ನು, ಹಾವು ಕಡಿದವನನ್ನು, ರೇಷನ್ ಚೀಲವನ್ನು, ಸಾಲಿ ಮಾಸ್ತರನನ್ನು ದಾಟಿಸಿದ್ದು ಅದೇ ಹರಗೋಲು. ಈ ಪತ್ರಿಕೆ ಓದುವ ಮಾಸ್ತರರಲ್ಲಿ ಹಾಗೆ ದಾಟಿ ಹೋಗಿ ಪಾಠ ಹೇಳಿದವರು ಇರಬಹುದು. ಅವರಿಗೆ ಲೋಕದಿಂದ ದೂರವಿರುವ ದ್ವೀಪದ ಚೆಲುವನ್ನು ವರ್ಣಿಸಿ ನೋಡಿ.

ಕನ್ನಡದಲ್ಲಿ 'ಉಳಿ' ಎಂಬ ಧಾತು ವಿಚಿತ್ರವಾದದ್ದು. ರಿಸಾರ್ಟಿನಲ್ಲಿ ಉಳಿದುಕೊಂಡೆವು ಅನ್ನುತ್ತೇವೆ. ಹೊಳೆ ಬಂದಾಗ ಗಡ್ಡಿಯಲ್ಲೇ ಉಳಿದುಬಿಟ್ಟರು ಅನ್ನುತ್ತೇವೆ. ಜೀವ ಉಳಿಯಿತು ಅನ್ನುತ್ತೇವೆ, ಸಾಲ ಉಳಿಯಿತು ಅಂತಲೂ ಅನ್ನುತ್ತೇವೆ. ಹಣ ಕೊಟ್ಟು ಉಳಿಯುವವನಿಗೆ ಬಿಟ್ಟುಹೋಗುವ ದಿನ ಗೊತ್ತಿರುತ್ತದೆ, ಬಸ್ಸಿನ ಟಿಕೀಟು ಜೇಬಿನಲ್ಲಿರುತ್ತದೆ. ಅವನ ಏಕಾಂತಕ್ಕೆ ಬೆಲೆ ಬರುವುದು ಆ ಟಿಕೀಟಿನಿಂದ.

ನಮ್ಮ ಮಂದಿ ಕಡಲು ನೋಡಿಲ್ಲ ಎಂದೇನಿಲ್ಲ. ಗುಳೆ ಹೋದಾಗ ನೋಡಿದ್ದಾರೆ. ದೇವದುರ್ಗ, ಮಾನ್ವಿಯ ಹಳ್ಳಿಗಳಿಂದ ಸುಗ್ಗಿ ಮುಗಿದ ಮೇಲೆ ಪುಣೆ, ಮುಂಬಯಿ, ಗೋವಾ, ಬೆಂಗಳೂರಿಗೆ ಹೊರಡುವವರು ಎಷ್ಟು ಮಂದಿ! ಗೋವಾದಲ್ಲಿ ಕಡಲದಂಡೆಯ ಕಟ್ಟಡಕ್ಕೆ ಇಟ್ಟಿಗೆ ಹೊತ್ತು, ರಾತ್ರಿ ತಗಡಿನ ಶೆಡ್ಡಿನಲ್ಲಿ ಅದೇ ಅಲೆಯ ಸದ್ದು ಕೇಳುತ್ತ ಮಲಗಿದವರು. ವಾಸ್ಕೊದ ಬೈನಾದಲ್ಲಿ ಕನ್ನಡದ ಬಡಜನ ಕಡಲ ಮಗ್ಗುಲಲ್ಲೇ ಸಂಸಾರ ಕಟ್ಟಿಕೊಂಡಿದ್ದರು. 2004ರ ಜೂನ್‌ನಲ್ಲಿ, ಮಳೆ ಹಿಡಿಯುವ ಹೊತ್ತಿಗೆ, ಅಲ್ಲಿಯ ಗುಡಿಸಲುಗಳನ್ನು ಕೆಡವಿದರು. ಕಡಲ ದಂಡೆಯಲ್ಲಿ ಉಳಿಯುವ ಹಕ್ಕು ಯಾರದು ಎಂಬ ಪ್ರಶ್ನೆಗೆ ಅಲ್ಲಿ ಬುಲ್ಡೋಜರು ಉತ್ತರ ಹೇಳಿತು. ನಮ್ಮಲ್ಲಿ ಗುಳೆಯ ಹಾಡುಗಳಿವೆ, ಗುಳೆಯ ಕಥೆಗಳಿವೆ. ಅವನ್ನು ಯಾವ ವಿಮರ್ಶಕನೂ ಪ್ರವಾಸ ಸಾಹಿತ್ಯ ಎಂದು ಕರೆದಿಲ್ಲ. ಯಾಕೆ ಕರೆಯಬಾರದು? ದೂರದ ಊರು, ಬೇರೆ ಭಾಷೆ, ಕಾಣದ ನೀರು, ಎಲ್ಲ ಅದರಲ್ಲೂ ಇದೆಯಲ್ಲ.

ಈಗ ಗೆಳೆಯನ ಕಿಟಕಿಗೆ ಬರೋಣ. ಅವನು ಕಿಟಕಿ ತೆರೆದಾಗ ಕಂಡ ಹಿನ್ನೀರಿನ ಬಗ್ಗೆ ಐದು ಪ್ಯಾರಾ ಬರೆದಿದ್ದಾನೆ. ಅದೇ ನೀರಿನ ಮೇಲೆ 1913ರಲ್ಲಿ ಏನಾಯಿತು ಎಂದು ಅವನಿಗೆ ಯಾರೂ ಹೇಳಲಿಲ್ಲ. ರಿಸಾರ್ಟಿನವರು ಹೇಳುವುದಿಲ್ಲ, ಡಚ್ಚರ ಅರಮನೆಯ ಕಥೆ ಹೇಳುತ್ತಾರೆ. ಆಗ ಕೊಚ್ಚಿ ಸಂಸ್ಥಾನದಲ್ಲಿ ಪುಲಯರು, ಅಂದರೆ ಗದ್ದೆಗಳಲ್ಲಿ ದುಡಿಯುವ ನಮ್ಮಂಥ ಅಸ್ಪೃಶ್ಯರು, ಎರ್ನಾಕುಲಂನ ನೆಲದ ಮೇಲೆ ಸಭೆ ಸೇರುವ ಹಾಗಿರಲಿಲ್ಲ. ಒಂದಿಷ್ಟು ನೆಲ ಕೊಡುವವರಿರಲಿಲ್ಲ. ಅವರೇನು ಮಾಡಿದರು ಗೊತ್ತೇ? ದೋಣಿಗಳನ್ನು ತಂದು ಒಂದಕ್ಕೊಂದು ಕಟ್ಟಿದರು, ಮೇಲೆ ಹಲಗೆ ಹಾಸಿದರು, ಹಿನ್ನೀರಿನ ಮೇಲೆಯೇ ಸಭೆ ನಡೆಸಿದರು. ನೆಲ ರಾಜನದಾದರೆ ನೀರು ಯಾರದು? ಕಾಯಲ್ ಸಮ್ಮೇಳನ ಎಂದು ಅದಕ್ಕೆ ಹೆಸರು. ಕಾಯಲ್ ಎಂದರೆ ಮಲಯಾಳದಲ್ಲಿ ಹಿನ್ನೀರು. ಬೆಸ್ತರ ಮನೆಯಲ್ಲಿ ಹುಟ್ಟಿ ಸಂಸ್ಕೃತ ಕಲಿತು ಕವಿಯಾದ ಪಂಡಿತ್ ಕರುಪ್ಪನ್ ಬೆಂಬಲಕ್ಕೆ ನಿಂತರು. ಮುಂದಾಳುಗಳಲ್ಲಿ ಒಬ್ಬರಾದ ಕೃಷ್ಣಾದಿ ಆಶಾನ್ ಮುಳವುಕಾಡಿನವರು. ನಮ್ಮ ಗೆಳೆಯ ಮಲಗಿದ್ದ ಬೋಲ್ಗಟ್ಟಿ ಅದೇ ಮುಳವುಕಾಡಿನ ತುದಿ. ಆ ವರ್ಷವೇ ಕೊಚ್ಚಿಯ ಪುಲಯ ಮಹಾಸಭೆ ಹುಟ್ಟಿತು. ಬಾಬಾಸಾಹೇಬರು ಮಹಾಡಿನ ಚವದಾರ ಕೆರೆಯ ನೀರು ಮುಟ್ಟಿದ್ದು 1927ರಲ್ಲಿ, ಇದಾದ ಹದಿನಾಲ್ಕು ವರ್ಷದ ಮೇಲೆ. ಮಹಾಡ್ ನಮಗೆಲ್ಲ ಗೊತ್ತು. ಇದು ಗೊತ್ತಿರಲಿಲ್ಲ, ನಾವೂ ಇತ್ತೀಚೆಗೆ ಓದಿ ತಿಳಿದುಕೊಂಡದ್ದು.

ಮರೀನಾದಲ್ಲಿ ದೋಣಿಗಳನ್ನು ಸಾಲಾಗಿ ಕಟ್ಟಿದ್ದನ್ನು ಅವನು ಮುತ್ತಿನ ಹಾರಕ್ಕೆ ಹೋಲಿಸಿದ್ದಾನೆ. ಉಪಮೆ ತಪ್ಪಲ್ಲ, ಬಡವಾದದ್ದು. ಅದೇ ನೀರಿನಲ್ಲಿ ಒಮ್ಮೆ ದೋಣಿ ಕಟ್ಟಿದ್ದು ನಿಂತುಕೊಳ್ಳಲು ನೆಲ ಬೇಕಾಗಿತ್ತು ಎಂದು. ಅದು ತಿಳಿದವನಿಗೆ ಆ ಸಾಲು ಬೇರೆಯೇ ರೀತಿ ಕಾಣುತ್ತಿತ್ತು. ಕಾಣದಿದ್ದದ್ದಕ್ಕೆ ಅವನನ್ನು ಬಯ್ಯಬೇಕೋ, ಮೂರು ವರ್ಷ ಇತಿಹಾಸ ಓದಿಸಿ ಡಿಗ್ರಿ ಕೊಟ್ಟ ಪುಸ್ತಕಗಳನ್ನು ಬಯ್ಯಬೇಕೋ, ಓದುಗರು ಹೇಳಲಿ.

ಇಷ್ಟಾಗಿಯೂ ಆ ಹಾಳೆಗಳನ್ನು ನಾವು ಕಸಕ್ಕೆ ಹಾಕಲಿಲ್ಲ. ಕಾರಣವಿದೆ. ಅವನು ಗೆರೆ ಹಾಳೆಯ ಮೇಲೆ ಕೈಯಲ್ಲಿ ಬರೆದು ಕಳಿಸಿದ್ದ. ಏಳನೆಯ ಹಾಳೆಯಲ್ಲಿ ಒಂದು ಪ್ಯಾರಾ ಹೊಡೆದುಹಾಕಿದ್ದ, ಆದರೆ ಗೆರೆ ಒಂದೇ ಇತ್ತು, ಓದಲು ಬರುತ್ತಿತ್ತು. ಅವನ ಅಪ್ಪಣೆಯಿಲ್ಲದೆ ಇಲ್ಲಿ ಕೊಡುತ್ತಿದ್ದೇವೆ, ಜಗಳಕ್ಕೆ ಬಂದರೆ ಬರಲಿ:

"ರಾತ್ರಿ ಹಾಸಿಗೆಯ ಮೇಲೆ ನಿದ್ದೆ ಬರಲಿಲ್ಲ. ಒಳಗೆ ಇಳಿದುಹೋದಂಗ ಆಗ್ತಿತ್ತು. ಎರಡು ಗಂಟೆಗೆ ಎದ್ದು ಚಾದರ ನೆಲಕ್ಕೆ ಹಾಸಿಕೊಂಡೆ. ಕೋಣೆ ಗುಡಿಸುವ ಹುಡುಗ ಬಂದು ನೋಡಿದರೆ ಏನು ತಿಳಿದಾನೋ ಅಂತ ಐದಕ್ಕೇ ಎದ್ದು ಚಾದರ ಮಡಿಚಿ ಮೇಲಿಟ್ಟೆ. ಅಪ್ಪ ಗೌಡರ ದನದ ಕೊಟ್ಟಿಗ್ಯಾಗ ಮಲಗ್ತಿದ್ದ. ಬೆಳಗಾಗೋದ್ರೊಳಗ ಹಾಸಿದ್ದು ಕಾಣದಂಗ ಎತ್ತಿಡಬೇಕಿತ್ತು."

ಹದಿನೆಂಟು ಪ್ಯಾರಾಗಳಲ್ಲಿ ಬರವಣಿಗೆ ಎನ್ನುವುದು ಇದೊಂದೇ, ಅದನ್ನೇ ಹೊಡೆದುಹಾಕಿದ್ದಾನೆ. ಇಲ್ಲಿ 'ಹಾಸಲಾಗಿತ್ತು' ಇಲ್ಲ, 'ಹಾಸಿಕೊಂಡೆ' ಇದೆ. ಗುಡಿಸುವ ಹುಡುಗ ಇದೊಂದೇ ಕಡೆ ಮನುಷ್ಯನಾಗಿ ಬಾಗಿಲಲ್ಲಿ ನಿಲ್ಲುತ್ತಾನೆ, ಅದೂ ಬರಬಹುದೆಂಬ ಹೆದರಿಕೆಯಾಗಿ. ಕೊಟ್ಟಿಗೆಯಿಂದ ರಿಸಾರ್ಟಿನ ತನಕ ಬಂದ ಒಂದು ಮನೆತನದ ನಿದ್ದೆಯ ಚರಿತ್ರೆ ಆರು ಸಾಲಿನಲ್ಲಿದೆ. ಕನ್ನಡದ ಯಾವ ಪ್ರವಾಸ ಲೇಖಕನೂ ಇದನ್ನು ಬರೆಯಲಾರ, ಯಾಕೆಂದರೆ ಯಾವ ಪ್ರವಾಸ ಲೇಖಕನ ಅಪ್ಪನೂ ಹಾಸಿದ್ದನ್ನು ಬೆಳಗಾಗುವುದರೊಳಗೆ ಬಚ್ಚಿಟ್ಟವನಲ್ಲ. (ಇದ್ದರೆ ತಿದ್ದಿರಿ, ಸಂತೋಷಪಡುತ್ತೇವೆ.) ಅವನಿಗೆ ಆ ಸಾಲುಗಳ ಬಗ್ಗೆ ನಾಚಿಕೆಯಾಗಿದೆ. ಒಳ್ಳೆಯ ಭಾಷೆ ಎಂದರೆ ಅಲೆಗಳ ಜೋಗುಳ ಎಂದು ಹತ್ತನೇ ಇಯತ್ತೆಯಿಂದ ಕಲಿಸಿದ್ದಾರೆ. ಆ ನಾಚಿಕೆ ನಮಗೂ ಗೊತ್ತು. ನಮ್ಮ ಮೊದಲ ಕವಿತೆಗಳಲ್ಲಿ ನಾವು ಎಂದೂ ಕಾಣದ ಪಾರಿಜಾತದ ಹೂವು ಉದುರುತ್ತಿತ್ತು, ಮನೆಯ ಹಿಂದಿನ ಜಾಲಿ ಎಲ್ಲೂ ಇರಲಿಲ್ಲ.

ಲೇಖನವನ್ನು ರಿಜಿಸ್ಟರ್ ಅಂಚೆಯಲ್ಲಿ ವಾಪಸ್ ಕಳಿಸಿದೆವು. ಉಳಿದದ್ದಕ್ಕೆಲ್ಲ ಗೆರೆ ಎಳೆದು, ಅವನು ಗೆರೆ ಎಳೆದದ್ದರ ಕೆಳಗೆ 'ಇದು ಇರಲಿ' ಎಂದು ಬರೆದೆವು. 1913ರ ದೋಣಿಗಳ ಕಥೆಯನ್ನೂ ಒಂದು ಚೀಟಿಯಲ್ಲಿ ಬರೆದಿಟ್ಟೆವು. ಹಾಳೆ ಒಗೆದ ಗೆಳೆಯ ಇನ್ನೂ ಒಪ್ಪಿಲ್ಲ. ಅವನೂ ಓದಿ ಬೇರೆ ಬರೆಯಲಿ, ಮುದ್ರಿಸುತ್ತೇವೆ.

ಹತ್ತು ದಿನದ ಮೇಲೆ ಬೆಂ‌ಗಳೂರಿನಿಂದ ಫೋನು ಬಂತು. ಮೊದಲು ಬೈದ, ನಾವು ಸುಮ್ಮನೆ ಕೇಳಿದೆವು. ಆಮೇಲೆ ಕೋಣೆ ಗುಡಿಸುವ ಹುಡುಗನ ಹೆಸರು ಕೇಳಿಕೊಳ್ಳಲಿಲ್ಲ ಅಂದ. ಒರಿಸ್ಸಾ ಕಡೆಯವನಿರಬೇಕು, ಹಿಂದಿಯಲ್ಲಿ ಮಾತಾಡುತ್ತಿದ್ದ ಅಂದ. ಕೊನೆಗೆ, "ಅಪ್ಪನ ಹೆಸರು ಹಾಕಬೇಕೇನಲೇ?" ಅಂತ ಕೇಳಿದ.

"ಹಾಕು" ಅಂದೆವು.

"ಅಪ್ಪನ್ನೂ ಒಂದು ಮಾತು ಕೇಳತೀನಿ" ಅಂದು ಫೋನಿಟ್ಟ.